ಅರವತ್ತಕ್ಕೊಂದು ಕೋಟು

ಹಲೋ... ಯಾರು ಮಾತಾಡ್ತಿರೋದು, ಮಾಸ್ಟರಾ?... ನಾನು, ನಿಮ್ಮ ಅತ್ತಿಗೆ. ಹಾಂ, ಟೈಲರ್ ಮನೆಯಿಂದ. ಆ ಮಿಷನ್ ಒಂಚೂರು ನಿಲ್ಸಿ, ಏನೂ ಕೇಳಿಸ್ತಿಲ್ಲ.

...

ಇಲ್ಲ ಇಲ್ಲ, ಅವ್ರು ಅಂಗಡಿಗೆ ಹೋದ್ರು. ಹೋಗ್ಲಿ ಅಂತಾನೇ ಕಾಯ್ತಿದ್ದೆ. ಬರೋ ಭಾನುವಾರ ನಿಮ್ಮ ಗೆಳೆಯರಿಗೆ ಅರವತ್ತು ತುಂಬುತ್ತೆ, ನೆನಪಿದೆ ಅಲ್ವಾ? ಏನು ಕೊಡೋದು ಅಂತ ಯೋಚಿಸಿ ಯೋಚಿಸಿ ಸಾಕಾಗಿಹೋಗಿದೆ ನನಗೆ.

...

ಕೇಳ್ದೆ, ಕೇಳದೇ ಇರ್ತೀನಾ? ‘ಮಿಷನ್‌ಗೆ ಎಣ್ಣೆ ಮುಗಿದಿದೆ, ಒಂದು ಬಾಟ್ಲಿ ತಂದ್ಕೊಡು, ಸಾಕು’ ಅಂದ್ರು. ಇಂಥವರ ಜೊತೆ ಹೇಗೆ ಬಾಳೋದು ಹೇಳಿ. ಮಗಳು ವಾಚು ಅಂತಾಳೆ. ಇರೋ ವಾಚನ್ನೇ ಬಿಚ್ಚಿ ಮೇಜಿನ ಮೇಲಿಟ್ಟು ಕೂರ್ತಾರೆ, ಬಟ್ಟೆಗೆ ಸಿಕ್ಕಿಹಾಕ್ಕೊಳ್ಳುತ್ತೆ ಅಂತ. ಅಳಿಯ ಕಾಲು ಒತ್ತೋ ಕುರ್ಚಿ ತರ್ತೀನಿ ಅಂದ. ಆ ಕುರ್ಚಿ ಒಳಗೆ ಬಂದ್ರೆ ನಾವಿಬ್ರೂ ಬೀದೀಲಿ ಮಲಗ್ಬೇಕು.

...

ಹಾಂ, ಅದಕ್ಕೇ ನಿಮಗೆ ಫೋನ್ ಮಾಡಿದ್ದು. ಊರ ಗಂಡಸರಿಗೆಲ್ಲ ಕೋಟು ಹೊಲಿದವರು, ತಮ್ಮ ಮೈಗೊಂದು ಹೊಲ್ಕೊಳ್ಳಲಿಲ್ಲ ನೋಡಿ. ಬಟ್ಟೆ ತಂದಿದ್ದೀನಿ, ಬೂದು ಬಣ್ಣದ್ದು. ಒಂದು ಕೋಟು, ಒಂದು ಪ್ಯಾಂಟು. ನೀವು ಹೊಲೀಬೇಕು. ಒಬ್ಬರೇ ಗುರುವಿನ ಹತ್ರ ಕತ್ತರಿ ಹಿಡಿದವರು ನೀವಿಬ್ರೂ, ಬೇರೆಯವರು ಹೊಲಿದ್ರೆ ಅವರು ಕೊಂಕು ತೆಗೀದೇ ಬಿಡ್ತಾರಾ?

...

ಯಾಕೆ, ಬೇಡ ಯಾಕೆ? ಕೆಲಸ ಜಾಸ್ತಿ ಇದೆಯಾ?... ಹಾಗಾದ್ರೆ ಏನು?... ಶಾಲು ಯಾಕೆ ಮಾಸ್ಟರೇ, ಅವ್ರೇನು ಹಣ್ಣುಹಣ್ಣು ಮುದುಕರಾ? ನೋಡಿ, ನಾನು ಯಾವತ್ತೂ ನಿಮ್ಮ ಹತ್ರ ಏನೂ ಕೇಳಿದವಳಲ್ಲ.

...

ಆಯ್ತಾ? ಅಷ್ಟೇ ಮತ್ತೆ. ಅಳತೆಗೆ ನೀವೇನೂ ಬರೋದು ಬೇಡ, ಗುಟ್ಟು ರಟ್ಟಾಗುತ್ತೆ. ಅವರು ದಿನಾ ಹಾಕೋ ಬಟ್ಟೇನೇ ಮಂಚದ ಮೇಲೆ ಹಾಸ್ಕೊಂಡು ಕೂತಿದ್ದೀನಿ, ಟೇಪೂ ಇದೆ. ಬರ್ಕೊಳ್ಳಿ. ಮೊದ್ಲು ಪ್ಯಾಂಟು. ಸೊಂಟ... ಇರಿ... ಮೂವತ್ತು.

...

ಬರ್ಕೊಂಡ್ರಾ? ಅಲ್ಲ ಮಾಸ್ಟರೇ, ಮೂವತ್ತು ಅಂದ್ರೆ ಕಾಲೇಜು ಹುಡುಗರ ಸೊಂಟ ಅಲ್ವಾ? ಇವರದ್ದು ಮೂವತ್ತಾರು. ನನಗೆ ಗೊತ್ತಿಲ್ವಾ? ನಾನು ತಪ್ಪು ಹೇಳಿದ್ರೆ ನೀವು ಬೈಬೇಕು ತಾನೆ, ಸುಮ್ನೆ ಬರ್ಕೊಂಡ್ರೆ ಹೇಗೆ?... ಇಲ್ಲ, ಸಾಕು ಅಂದ್ರೆ ಹೇಗೆ, ಇನ್ನೊಂದ್ಸಲ ಹಿಡೀತೀನಿ.

...

ಮೂವತ್ತೇ. ಬೆರಳಿಗೆ ಒಳಗೆ ಏನೋ ದಪ್ಪ ಸಿಗ್ತಿದೆ, ತಡೀರಿ, ತಿರುವಿ ನೋಡ್ತೀನಿ... ಯಾಕೆ ತಿರುವಬಾರದು?

...

ಮಾಸ್ಟರೇ, ಇಲ್ಲಿ ಒಂದರ ಪಕ್ಕ ಒಂದು ಹೊಲಿಗೆ ಇದೆ. ಮೊದಲಿನದ್ದು ಕಪ್ಪು ದಾರ. ಅದರ ಒಳಗಡೆ ಇನ್ನೊಂದು. ಅದರ ಒಳಗೆ ಮತ್ತೊಂದು, ಅದು ಮೊನ್ನೆ ಹಾಕಿದ ಹಾಗಿದೆ, ದಾರ ಇನ್ನೂ ಹೊಳೀತಿದೆ... ಬೇರೆ ಯಾರು ಹಾಕ್ತಾರೆ, ಇವರದ್ದೇ ಕೈ. ಇಷ್ಟು ವರ್ಷ ಇವರ ಅಂಗಡಿಗೆ ಗುಂಡಿ ಹಾಕಿಕೊಟ್ಟವಳು ನಾನು, ಇವರ ಹೊಲಿಗೆ ಗುರುತು ಹಿಡಿಯಲ್ವಾ? ಇರಿ, ಇನ್ನೊಂದು ಪ್ಯಾಂಟು ನೋಡ್ತೀನಿ.

...

ಇದರಲ್ಲೂ ಹಾಗೇ. ಅಂಗಿ ಪಕ್ಕದಲ್ಲೂ ಹಿಡಿದು ಚಿಕ್ಕದು ಮಾಡಿದ್ದಾರೆ. ಎಲ್ಲ ಬಟ್ಟೇನೂ ಹಿಡಿದಿದ್ದಾರೆ ಮಾಸ್ಟರೇ. ಇದೇನಿದು?

...

ಹಲೋ?... ತಿರುವಬೇಡಿ ಅಂದ್ರಲ್ಲ, ನಿಮಗೆ ಗೊತ್ತಿತ್ತಾ?

...

ಗೊತ್ತಿತ್ತಾ ಅಂತ ಕೇಳ್ತಿದ್ದೀನಿ.

...

ಇಲ್ಲ, ಕೂತಿದ್ದೀನಿ. ಕೂತೇ ಇದ್ದೀನಿ, ಹೇಳಿ.

...

ಹಾಂ... ಹೋದ ತಿಂಗಳು ನೀವಿಬ್ರೂ ಪೇಟೆಗೆ ಹೋದ್ರಲ್ಲ, ಬಟ್ಟೆ ತರೋಕೆ ಅಂತ... ಆಸ್ಪತ್ರೆಗಾ? ಬರಿಗೈಲಿ ಬಂದ್ರು. ಯಾಕೆ ಅಂದ್ರೆ, ಬಣ್ಣ ಒಂದೂ ಹಿಡಿಸ್ಲಿಲ್ಲ ಅಂದ್ರು. ಬಾಯಿಗೂ ಹೊಲಿಗೆ ಹಾಕ್ಕೊಂಡು ಬಂದಿದ್ರು ಅಂತ ನನಗೇನು ಗೊತ್ತು?

...

ಊಟ ಸೇರ್ತಿಲ್ಲ ಅಂದಾಗ ಗ್ಯಾಸು ಅಂದ್ರು, ನಂಬಿದೆ. ದಿನಾ ಎದುರಿಗೆ ಕೂತು ಬಡಿಸೋಳು ನಾನು. ಹೊಟ್ಟೆ ಕರಗಿದೆ, ಮದುವೆ ಗಂಡಿನ ಹಾಗೆ ಕಾಣ್ತೀರಿ ಅಂತ ಹೊಗಳಿದೆ ಕೂಡ. ನಕ್ಕರು ಮಾಸ್ಟರೇ. ಕನ್ನಡಿ ಮುಂದೆ ನಿಂತು ನಕ್ಕರು.

...

ನಿಮ್ಮನ್ನ ಬೈದು ಏನು ಮಾಡ್ಲಿ. ಅತ್ತಿಗೆ ಅತ್ತಿಗೆ ಅಂತೀರಿ, ಒಂದು ಮಾತು ಹೇಳಬಾರದಿತ್ತಾ?... ಆಣೆ ಹಾಕಿಸ್ಕೊಂಡ್ರಾ? ಹಾಂ, ಹಾಕಿಸ್ಕೋತಾರೆ, ಅವರನ್ನ ಬಲ್ಲೆ ನಾನು. ಏನಂದ್ರು, ಪೂರ್ತಿ ಹೇಳಿ.

...

‘ಮಕ್ಕಳೆಲ್ಲ ಬರ್ತಾರೆ, ಅವಳು ಕುಣೀತಿದ್ದಾಳೆ, ಈ ಒಂದು ಭಾನುವಾರ ದಾಟ್ಲಿ’ ಅಂದ್ರಾ?

...

ಅಳ್ತಿಲ್ಲ. ಮೂಗು ಕಟ್ಟಿದೆ ಅಷ್ಟೇ... ಅಂಗಡಿಗೆ ಹೋಗಿ ಕೇಳ್ಲಾ? ಏನಂತ ಕೇಳ್ಲಿ? ಅವರು ಅಲ್ಲಿ ಯಾರದೋ ಮದುವೆ ಕೋಟಿಗೆ ಗುಂಡಿ ಕಾಜಾ ಹಾಕ್ತಾ ಕೂತಿರ್ತಾರೆ. ಮಧ್ಯಾಹ್ನ ಊಟಕ್ಕೆ ಬಂದು ಈ ಕುರ್ಚೀಲಿ ಕೂರ್ತಾರೆ, ಎರಡು ತುತ್ತು ತಿಂದು ಚೆನ್ನಾಗಿದೆ ಅಂತಾರೆ. ಗೊತ್ತಿದ್ದೂ ಗೊತ್ತಿಲ್ಲದ ಹಾಗೆ ಬಡಿಸೋಕೆ ನನ್ನ ಕೈಲಾಗುತ್ತಾ? ಹೇಳಿಬಿಟ್ರೆ, ಅಷ್ಟು ಕಷ್ಟಪಟ್ಟು ಕಾಪಾಡ್ಕೊಂಡಿದ್ದ ಭಾನುವಾರ ಹೋಯ್ತು. ಹೇಳದಿದ್ರೆ ಒಬ್ರೇ ಒಳಗೊಳಗೇ ನವೀತಾರೆ. ನೀವೇ ಹೇಳಿ, ನಾನೇನು ಮಾಡ್ಲಿ?

...

ಹೂಂ... ನಿಮಗೂ ಗೊತ್ತಿಲ್ಲ. ಹೂಂ.

...

ಬಟ್ಟೇನಾ? ಬೇಡ ಅಂತ ಯಾರು ಅಂದ್ರು, ಹೊಲೀರಿ. ಹಳೇ ಅಳತೆಗಲ್ಲ, ನಾನು ಹೇಳಿದ್ನಲ್ಲ, ಆ ಮೂವತ್ತಕ್ಕೇ. ಕೋಟಿನ ಅಳತೆ ಅಂಗಿ ಹಿಡಿದು ನೋಡಿ ಆಮೇಲೆ ಹೇಳ್ತೀನಿ. ದೊಗಳೆ ಕೋಟು ಹಾಕಿ ಮಕ್ಕಳ ಮುಂದೆ ನಿಲ್ಸಿದ್ರೆ ನೋಡಿದವರಿಗೆಲ್ಲ ತಿಳಿದುಹೋಗುತ್ತೆ. ಅವರಿಗೆ ಅದು ಬೇಡ. ಭಾನುವಾರ ನೆಟ್ಟಗೆ ನಿಲ್ಲಲಿ. ಸೋಮವಾರ ನಾನೇ ಕೈ ಹಿಡಿದು ಆಸ್ಪತ್ರೆಗೆ ಕರ್ಕೊಂಡು ಹೋಗ್ತೀನಿ. ಈ ಸಲ ನೀವಲ್ಲ, ನಾನು.

...

ಇನ್ನೊಂದು ಮಾತು. ಒಳಗೆ ಬಟ್ಟೆ ಬಿಟ್ಟು ಹೊಲೀರಿ. ಕತ್ತರಿಸಿ ಎಸೀಬೇಡಿ. ಮೈ ತುಂಬಿಕೊಂಡ ಮೇಲೆ ಬಿಚ್ಚಿ ದೊಡ್ಡದು ಮಾಡ್ಬಹುದು ಅಲ್ವಾ?... ಅಲ್ವಾ?

...

ಎಷ್ಟು ಬಿಡ್ಲಿ ಅಂತ ನನ್ನ ಕೇಳ್ತೀರಾ? ಡಾಕ್ಟ್ರ ಎದುರಿಗೆ ಕೂತು ಕೇಳಿಸ್ಕೊಂಡು ಬಂದವರು ನೀವು. ನೀವು ಹೇಳಿ ಮಾಸ್ಟರೇ, ಎಷ್ಟು ಬಿಡ್ಬಹುದು?

...

ಮಾಸ್ಟರೇ?... ಹಲೋ... ಕೇಳಿಸ್ತಿದೆಯಾ... ಹಲೋ...