ಶಂಕರಮ್ಮನ ಬಾವಿಯ ದನಿ

ದೀಪ ಸ್ವಲ್ಪ ಸಣ್ಣದು ಮಾಡಿ. ಆರಿಸುವುದು ಬೇಡ...

ಇದು ನಮ್ಮ ಚಿಕ್ಕಪ್ಪನ ಮಗ ಲಕ್ಕಣ್ಣನಿಗೆ ಆದದ್ದು. ಅವನ ಬಾಯಿಂದಲೇ ಕೇಳಿದೆ. ಆಮೇಲೆ ಅವನ ಹೆಂಡತಿಯನ್ನು ಬೇರೆಯಾಗಿ ಕೇಳಿದೆ. ಇಬ್ಬರೂ ಹೇಳಿದ್ದು ಒಂದೇ. ಒಂದೇ ಆಗಿರದಿದ್ದರೆ ನಾನು ಈ ಮಾತೆತ್ತುತ್ತಿರಲಿಲ್ಲ.

೧೯೬೭ರ ಬೇಸಿಗೆ. ಕಂಪ್ಯೂಟರ್ ಎನ್ನುವ ಹೆಸರನ್ನು ಕಡೂರಿನಲ್ಲಿ ಯಾರೂ ಕೇಳಿರಲಿಲ್ಲ. ಲಕ್ಕಣ್ಣ, ಅವನ ಹೆಂಡತಿ ಮಲ್ಲಿಕಾಂಬ, ಅವರ ಗೆಳೆಯ ತಿಮ್ಮರಾಯ, ಮೂವರೂ ದೂರದ ಪಟ್ಟಣದ ಒಂದು ಕಾರ್ಖಾನೆಯ ಕಂಪ್ಯೂಟರ್ ಕೋಣೆಯಲ್ಲಿ ಪ್ರೋಗ್ರಾಮರುಗಳು. ಮಲ್ಲಿಕಾಂಬ ತರೀಕೆರೆಯ ಹುಡುಗಿ. ಲೆಕ್ಕದಲ್ಲಿ ಗಟ್ಟಿ, ಬಾಯಲ್ಲಿ ಇನ್ನೂ ಗಟ್ಟಿ. ಅದೇ ಕೋಣೆಯಲ್ಲಿ ಜಗಳವಾಡುತ್ತಲೇ ಲಕ್ಕಣ್ಣನನ್ನು ಮದುವೆಯಾದವಳು.

ಅವರ ಕೆಲಸ ಯಂತ್ರಕ್ಕೆ ಆಜ್ಞೆ ಬರೆಯುವುದು. ಇದನ್ನು ಕೂಡಿಸು, ಅದನ್ನು ಕಳೆ, ಇಲ್ಲಿಂದ ಅಲ್ಲಿಗೆ ಹೋಗು, ನಿಲ್ಲು. ಒಂದೊಂದು ಆಜ್ಞೆಗೆ ತೂತು ಕೊರೆದ ಒಂದೊಂದು ರಟ್ಟಿನ ಕಾರ್ಡು. ಯಂತ್ರ ಇವರ ಕೈಗೆ ಸಿಗುವುದೇ ಅಪರೂಪ. ಸಿಕ್ಕಾಗ ಒಂದು ತಪ್ಪಿದ್ದರೂ ಸರದಿ ಹೋದಂತೆ. ಹಾಗಾಗಿ ಮೊದಲೇ ಮೇಜಿಗೆ ಕೂತು ತಾಳೆ ನೋಡುತ್ತಿದ್ದರು. ಒಬ್ಬರು ಆಜ್ಞೆ ಓದಬೇಕು. ಇನ್ನೊಬ್ಬರು ಯಂತ್ರವಾಗಬೇಕು. ಯಂತ್ರವಾದವನು ಯೋಚಿಸುವಂತಿಲ್ಲ, ಯಾಕೆ ಎನ್ನುವಂತಿಲ್ಲ. ಹೇಳಿದ್ದು ತಪ್ಪಾದರೂ ಹೇಳಿದಷ್ಟನ್ನೇ ಮಾಡಬೇಕು. ‘ನಿಲ್ಲು’ ಎಂದಾಗ ಮಾತ್ರ ಬಿಡುಗಡೆ. ನಡುವೆ ಸ್ವಂತ ಬುದ್ಧಿ ಉಪಯೋಗಿಸಿದವನು ಎಲ್ಲರಿಗೂ ಕಾಫಿ ಕುಡಿಸಬೇಕು.

ಲಕ್ಕಣ್ಣ ಯಾವತ್ತೂ ಕಾಫಿ ಕುಡಿಸಿದವನಲ್ಲ. ಅಷ್ಟು ಒಳ್ಳೆಯ ಯಂತ್ರ.

“ಬುದ್ಧಿ ಇಲ್ದೋರಿಗೆ ಸುಲಭ ಬಿಡು” ಎನ್ನುತ್ತಿದ್ದ ತಿಮ್ಮರಾಯ.

“ಹಂಗಲ್ಲ ಕಣೋ. ಮನೇಲಿ ಅಭ್ಯಾಸ ಆಗ್ಬಿಟ್ಟಿದೆ” ಎಂದು ಲಕ್ಕಣ್ಣ ಹೆಂಡತಿಯ ಕಡೆ ನೋಡುತ್ತಿದ್ದ.

ಇನ್ನು ಬಾವಿಯ ವಿಷಯ.

ಲಕ್ಕಣ್ಣನ ಸೋದರತ್ತೆ ಶಂಕರಮ್ಮ ಸಿಂಗಟಗೆರೆಯ ಆಚೆ ತೋಟದಲ್ಲಿ ಒಂಟಿಯಾಗಿದ್ದಳು. ಗಂಡ ತೀರಿಕೊಂಡ ವರ್ಷವೇ ತೆಂಗಿನ ಸಸಿ ನೆಟ್ಟಿದ್ದಳು. ತೋಟದ ಅಂಚಿನಲ್ಲಿ ಒಂದು ಹಳೆಯ ಮೆಟ್ಟಿಲು ಬಾವಿ. ಅದರಿಂದ ಕೊಡದಲ್ಲಿ ನೀರು ಹೊತ್ತು ಸಸಿಗಳನ್ನು ಉಳಿಸಿಕೊಂಡಿದ್ದಳು. ಆದರೆ ಆ ಬಾವಿ ರಾತ್ರಿ ಹೊತ್ತು ಕರೆಯುತ್ತದೆ ಎಂದು ಊರಲ್ಲಿ ಮಾತು. ಹಿಂದಿನ ವರ್ಷ ದಾರಿಯಲ್ಲಿ ಹೋಗುತ್ತಿದ್ದ ಇಬ್ಬರು ಕತ್ತಲಲ್ಲಿ ಮೆಟ್ಟಿಲು ಇಳಿದಿದ್ದರು. ಒಬ್ಬನೇ ಬದುಕಿದ. ಅವನು ಹೇಳಿದ್ದು ಇಷ್ಟು: “ಇಳಿ ಅಂದ್ರು... ಇಳಿದೆ.”

ಪಟೇಲ ಸಿದ್ದಪ್ಪ ಬಾವಿಗೆ ಮಣ್ಣು ತುಂಬಿಸುವ ತೀರ್ಮಾನ ಮಾಡಿದ. ಬಾವಿ ಹೋದರೆ ಸಸಿ ಹೋಯಿತು. ಸಸಿ ಹೋದರೆ ಶಂಕರಮ್ಮ ಮೈದುನನ ಮನೆಯಲ್ಲಿ ಒಲೆ ಊದಿಕೊಂಡು ಬಿದ್ದಿರಬೇಕು. ಅವಳು ಒಪ್ಪಲಿಲ್ಲ. ಪಂಚಾಯಿತಿಯಲ್ಲಿ ಎದ್ದು ನಿಂತು, “ಮೊದಲು ನನ್ನ ಮೇಲೆ ಮಣ್ಣು ಹಾಕಿ” ಎಂದಳು. ಕೊನೆಗೆ ಸಿದ್ದಪ್ಪ ಒಂದು ಮಾತು ಕೊಟ್ಟ. ಅವಳ ಕಡೆಯವರು ಯಾರಾದರೂ ಒಂದು ರಾತ್ರಿ ಆ ಮೆಟ್ಟಿಲ ಮೇಲೆ ಕೂತು ಬೆಳಿಗ್ಗೆ ಎದ್ದು ಬಂದರೆ, ಬಾವಿ ಅವಳದೇ.

ಊರಲ್ಲಿ ಯಾರೂ ಮುಂದೆ ಬರಲಿಲ್ಲ. ಸುದ್ದಿ ಲಕ್ಕಣ್ಣನಿಗೆ ಮುಟ್ಟಿತು. ಮೂವರೂ ರಜೆ ಹಾಕಿ ಹೊರಟರು. ಬೆಳಗಾದರೆ ಮಣ್ಣಿನ ಗಾಡಿಗಳು ಬರುವುದಿತ್ತು. ಕಡೂರಿನಲ್ಲಿ ಹತ್ತಿದ ಕೊನೆಯ ಬಸ್ಸು ನಡುದಾರಿಯಲ್ಲಿ ಕೆಟ್ಟು, ಸಿಂಗಟಗೆರೆಯಲ್ಲಿ ಇಳಿಯುವಾಗ ಊರು ಮಲಗಿತ್ತು.

ಅಲ್ಲಿಂದ ನಡಿಗೆ. ಚಂದ್ರ ಇಲ್ಲ. ತಿಮ್ಮರಾಯನ ಬ್ಯಾಟರಿಯಲ್ಲಿ ಶೆಲ್ಲು ಸೊರಗಿತ್ತು.

“ಏನೋ ಲಕ್ಕ, ನಿಮ್ಮೂರ ದೆವ್ವಕ್ಕೆ ಇಂಗ್ಲಿಷ್ ಬರ್ತದಾ?”

“ನಿಂಗೇ ಸರಿಯಾಗಿ ಬರಲ್ಲ. ಅದಕ್ಕೆ ಯಾಕೆ?”

“ಹೆದರಿಕೆ ಆದ್ರೆ ಹೇಳಿ ತಿಮ್ಮರಾಯಣ್ಣ” ಎಂದಳು ಮಲ್ಲಿಕಾಂಬ. “ನಡುವೆ ಹಾಕ್ಕೊಂಡು ಹೋಗ್ತೀವಿ.”

“ಹೆದರಿಕೆ ಯಾತಕ್ಕೆ ಅತ್ತಿಗೆ? ಸುಮ್ನೆ ಹೊತ್ತು ಹೋಗ್ಲಿ ಅಂತ... ಆಟ ಆಡೋಣ. ಲಕ್ಕ ಯಂತ್ರ.”

ಆಟ ಶುರುವಾಯಿತು.

“ಮುಂದೆ ನಡಿ. ನಡೀತಾ ಇರು. ಬೇಲಿ ಸಿಕ್ಕಿದ್ರೆ...” ತಿಮ್ಮರಾಯನಿಗೆ ಸೀನು ಬಂತು. ಅದು ಮುಗಿಯುವುದರೊಳಗೆ ಲಕ್ಕಣ್ಣ ಕಳ್ಳಿಬೇಲಿಯ ಒಳಗಿದ್ದ.

“ಲೇ! ಕಣ್ಣಿಲ್ವೇನೋ?”

“ಯಂತ್ರಕ್ಕೆ ಕಣ್ಣಿಲ್ಲ. ಬೇಲಿ ಸಿಕ್ರೆ ಏನು ಮಾಡ್ಬೇಕು ಅಂತ ನೀನು ಹೇಳ್ಲಿಲ್ಲ.”

“ಅಂಗಿ ಹರಿದಿದ್ರೆ ನಾನಂತೂ ಹೊಲಿಯಲ್ಲ” ಎಂದಳು ಮಲ್ಲಿಕಾಂಬ. “ಯಾರ ಪ್ರೋಗ್ರಾಂ ತಪ್ಪೋ ಅವರೇ ಹೊಲೀಲಿ.”

ಮೂವರೂ ಜೋರಾಗಿ ನಕ್ಕರು. ದೂರದಲ್ಲಿ ಒಂದು ಹಕ್ಕಿ ಚಕ್ಕು ಚಕ್ಕು ಚಕ್ಕು ಎನ್ನುತ್ತಿದ್ದದ್ದು ನಿಂತಿತು.

ತೋಟ ಹತ್ತಿರವಾಯಿತು. ದಾರಿಯ ಮೇಲೆ ಚಾಚಿದ ಒಂದು ಆಲದ ಮರ. ಅದರಾಚೆ ದಾರಿ ಕವಲು. ಬಲಕ್ಕೆ ಅತ್ತೆಯ ಮನೆ, ಎಡಕ್ಕೆ ಬಾವಿ. ಮೊದಲು ಮನೆಗೆ ಹೋಗಿ, ಅತ್ತೆಗೆ ಮುಖ ತೋರಿಸಿ, ಆಮೇಲೆ ಬಾವಿಗೆ ಬರುವುದು ಎಂದುಕೊಂಡಿದ್ದರು.

ಮರದ ಕೆಳಗೆ ಮಾತು ತಾನಾಗಿ ತಗ್ಗಿತು. ಒಣಗಿದ ಎಲೆಯ ಮೇಲೆ ಹಣ್ಣು ಬೀಳುತ್ತಿತ್ತು. ಟಪ್... ಟಪ್... ಬಾವಿಯ ಕಡೆಯಿಂದ ಒಂದೇ ಕಪ್ಪೆ, ವಟರ್... ವಟರ್...

“ಅತ್ತಿಗೆ, ಇನ್ನು ನೀವು ಹೇಳಿ. ನಂಗೆ ಗಂಟಲು ಒಣಗಿದೆ.”

“ನೀವೇ ಹೇಳಿ. ಅರ್ಧಕ್ಕೆ ಬಿಡಬೇಡಿ.”

ಲಕ್ಕಣ್ಣ ಕವಲಿನಲ್ಲಿ ನಿಂತು ಮುಂದಿನ ಆಜ್ಞೆಗೆ ಕಾದ.

“ಎಡಕ್ಕೆ ತಿರುಗು.”

ತಿರುಗಿದ.

“ಮುಂದೆ ನಡಿ.”

ನಡೆದ. ಮಲ್ಲಿಕಾಂಬ ಹೇಳಿದಳು ಎಂದುಕೊಂಡ ತಿಮ್ಮರಾಯ. ಗಂಟಲು ಕಟ್ಟಿದ ತಿಮ್ಮರಾಯನ ದನಿ ಎಂದುಕೊಂಡಳು ಮಲ್ಲಿಕಾಂಬ. ಮನೆಗಿಂತ ಮೊದಲು ಬಾವಿಯನ್ನೇ ನೋಡುವ ಮನಸ್ಸು ಇನ್ನೊಬ್ಬರಿಗೆ ಎಂದುಕೊಂಡು ಇಬ್ಬರೂ ಹಿಂದೆ ನಡೆದರು.

“ಇಳಿ.”

ಚಪ್ಪಲಿ ಕಲ್ಲಿಗೆ ತಾಗಿದ ಸದ್ದು. ಟಕ್. ಮತ್ತೆ ಟಕ್. ಆಮೇಲೆ ಪಚ್...

“ಸಾಕು ಮಾಡಿ ತಿಮ್ಮರಾಯಣ್ಣ” ಎಂದು ಪಿಸುಗುಟ್ಟಿದಳು. “ಅಲ್ಲಿ ನೀರಿದೆ.”

“ನಾನೆಲ್ಲಿ ಹೇಳ್ದೆ... ನೀವಲ್ವಾ?”

“ಇಳಿ.”

ಆಗ ಇಬ್ಬರಿಗೂ ಸರಿಯಾಗಿ ಕೇಳಿಸಿತು. ಹೆಂಗಸಿನ ದನಿ. ಎಳೆಯದಲ್ಲ. ಸಿಟ್ಟಿರಲಿಲ್ಲ. ಮಗುವನ್ನು ಮಲಗಿಸುವಾಗ ತಾಯಿ ಆಡುವಂಥ ಮಾತು. ಬರುತ್ತಿದ್ದುದು ಕೆಳಗಿನಿಂದ, ನೀರಿಗೆ ಬಾಯಿ ತಾಗಿಸಿ ಮಾತಾಡಿದ ಹಾಗೆ.

ತಿಮ್ಮರಾಯ ಬ್ಯಾಟರಿ ಬೆಳಕು ಬಿಟ್ಟ. ಲಕ್ಕಣ್ಣನ ಬೆನ್ನು ಕಂಡಿತು. ನೀರು ಸೊಂಟದವರೆಗೆ.

“ರೀ! ಬನ್ರೀ ಮೇಲೆ! ರೀ...”

ಅವನು ತಿರುಗಲಿಲ್ಲ. ಇನ್ನೊಂದು ಮೆಟ್ಟಿಲು ಇಳಿದ. ಆಗ ಅವಳಿಗೆ ಆಟದ ನೆನಪಾಗಿ, ಇದ್ದ ಉಸಿರನ್ನೆಲ್ಲಾ ಕೂಡಿಸಿ ಕೂಗಿದಳು.

“ನಿಲ್ಲು!”

ನಿಂತ.

ನಾನು ಲಕ್ಕಣ್ಣನನ್ನು ಕೇಳಿದ್ದೇನೆ, ನಿನಗೆ ಗೊತ್ತಾಗಲಿಲ್ಲವೇನೋ, ಅದು ಇವರಿಬ್ಬರ ದನಿಯಲ್ಲ ಎಂದು. ಅವನೆಂದ: “ಗೊತ್ತಾಯ್ತು ಅಣ್ಣ. ಆದ್ರೆ ಯಾರು ಹೇಳಿದ್ರೆ ಕೇಳ್ಬೇಕು ಅನ್ನೋ ನಿಯಮ ನಾವು ಮಾಡಿರ್ಲೇ ಇಲ್ಲ. ಹೇಳಿದ್ದು ಮಾಡ್ಬೇಕು ಅಂತ ಮಾತ್ರ ಇತ್ತು. ಕಾಲು ಅಷ್ಟನ್ನೇ ಮಾಡ್ತು.”

ತಿಮ್ಮರಾಯ ಹೆದರಿದ್ದ. ಆದರೂ ದಡದಡ ಇಳಿದು ಗೆಳೆಯನ ರಟ್ಟೆ ಹಿಡಿದ. ಎಳೆಯಬೇಕು ಎನ್ನುವಾಗ ಮತ್ತೆ ಬಂತು.

“ಇಳಿ.”

ಲಕ್ಕಣ್ಣನ ಕಾಲು ಮತ್ತೆ ಎದ್ದಿತು. ಜೊತೆಗೆ ತಿಮ್ಮರಾಯನೂ ಜಾರಿದ. ನೀರು ಬುಳುಕ್ ಎಂದಿತು.

ಮಲ್ಲಿಕಾಂಬ ಸೆರಗು ಸಿಕ್ಕಿಸಿಕೊಂಡು ಇಳಿದಳು. ಗಂಡನನ್ನು ದಾಟಿ ಅವನ ಎದುರಿಗೆ ನಿಂತಳು. ಅವನಿಗೆ ಬೆನ್ನು, ನೀರಿಗೆ ಮುಖ. ನೀರು ಎದೆಯವರೆಗೆ.

“ಯಾರೇ ನೀನು?”

ಕಪ್ಪೆ ವಟರ್ ಎಂದಿತು, ಅವಳು ದನಿ ಏರಿಸಿದಳು.

“ಯಾರಾದ್ರೂ ಆಗಿರು. ಈ ಯಂತ್ರ ನಂದು. ಇದಕ್ಕೆ ಹೇಳೋಳು ನಾನು. ಬೆಳಗಿನ ತನಕ ಇಲ್ಲಿ ಕೂರಕ್ಕೆ ಬಂದಿದೀವಿ, ಕೂರ್ತೀವಿ. ಇಷ್ಟು ದಿನ ನೀನು ಹೇಳ್ದೆ, ದಾರೀಲಿ ಹೋಗೋರು ಕೇಳಿದ್ರು. ಇವತ್ತು ನಾನು ಹೇಳ್ತೀನಿ, ನೀನು ಕೇಳು. ಈಗ ನೀನೇ ಯಂತ್ರ... ಗೊತ್ತಾಯ್ತಾ?”

ನೀರು ಅಲುಗಲಿಲ್ಲ.

“ಬಾಯಿ ಮುಚ್ಚು.”

ವಟರ್ ಎನ್ನುತ್ತಿದ್ದ ಕಪ್ಪೆಯ ಕೂಗು ನಡುವೆಯೇ ಕತ್ತರಿಸಿ ಹೋಯಿತು. ಅಷ್ಟೇ. ಲಕ್ಕಣ್ಣ ಒಮ್ಮೆ ಮೈ ಕೊಡವಿ, “ಥೂ, ಏನು ಚಳಿ” ಎಂದ.

ಮೇಲೆ ಲಾಟೀನು ಬೆಳಕು ಕಾಣಿಸಿತು.

“ಯಾರದು, ನಮ್ಮ ಬಾವೀನ ಬೈತಿರೋದು?”

“ನಾನು ಅತ್ತೆ, ಮಲ್ಲಿ.”

“ಬೈಯಮ್ಮ, ಚೆನ್ನಾಗಿ ಬೈಯಿ” ಎಂದಳು ಶಂಕರಮ್ಮ, ಮೆಟ್ಟಿಲ ಮೇಲೆ ಕೂರುತ್ತಾ. “ನಂಗೂ ದಿನಾ ಕರೀತದೆ. ಸಸಿಗೆ ನೀರು ಹೊರೋದು ಮುಗೀಲಿ, ಬತ್ತೀನಿ ಅಂತೀನಿ. ಅದು ಎಲ್ಲಿ ಮುಗೀತದೆ?”

“ಹೆದರಿಕೆ ಆಗಲ್ವಾ ಅತ್ತೆ?”

“ಮೈದುನನ ಮನೆ ನೆನೆಸ್ಕೊಂಡ್ರೆ ಆಗ್ತದೆ.”

ರಾತ್ರಿಯೆಲ್ಲಾ ಆ ಮೆಟ್ಟಿಲ ಮೇಲೆಯೇ ಕಳೆದರು. ಒದ್ದೆ ಬಟ್ಟೆಯಲ್ಲೇ, ಅತ್ತೆ ತಂದ ಕಂಬಳಿ ಹೊದ್ದುಕೊಂಡು. ತಿಮ್ಮರಾಯ ಕೂತಲ್ಲಿ ಕೂರದೆ, “ಲಕ್ಕ, ನಿಂಗೆ ಇಬ್ರು ಯಜಮಾನಿಯರು ಆಗ್ಬಿಟ್ರಲ್ಲೋ” ಎಂದ. “ಒಬ್ಬಳು ಸಾಕು, ಅವಳೇ ಇನ್ನೊಬ್ಬಳನ್ನ ಓಡಿಸಿದ್ಲು” ಎಂದ ಲಕ್ಕಣ್ಣ. ಮಲ್ಲಿಕಾಂಬ ಮಾತ್ರ ಬೆಳಗಾಗುವ ತನಕ ಅವನ ಅಂಗಿಯ ತುದಿಯನ್ನು ಕೈಗೆ ಸುತ್ತಿಕೊಂಡೇ ಇದ್ದಳು.

ಕೆಂಪು ಮೂಡುವಾಗ ಗಾಡಿಗಳು ಬಂದವು. ಗಡಗಡ ಸದ್ದು ಬಾವಿಯ ದಂಡೆಯಲ್ಲಿ ನಿಂತಿತು. ಸಿದ್ದಪ್ಪ ಇಳಿದು, ನಾಲ್ವರನ್ನೂ ನೋಡಿದ. ಒದ್ದೆ ಬಟ್ಟೆಗಳನ್ನೂ ನೋಡಿದ.

“ಕರೀತಾ?”

ಇಲ್ಲ ಎನ್ನಬಹುದಿತ್ತು. ಲಕ್ಕಣ್ಣ ಹಾಗೆ ಹೇಳಲು ಬಾಯಿ ತೆರೆದಿದ್ದನಂತೆ. ಮಲ್ಲಿಕಾಂಬ ಮೊದಲು ಮಾತಾಡಿದಳು.

“ಕರೀತು ಪಟೇಲ್ರೇ. ಬೈದೆ, ಸುಮ್ಮನಾಯ್ತು. ಕೂತಿದ್ವಿ, ಎದ್ದಿದೀವಿ. ಕರೀಬಾರ್ದು ಅಂತ ನೀವು ಮಾತು ಕೊಟ್ಟಿರ್ಲಿಲ್ಲ. ಎದ್ದು ಬಂದ್ರೆ ಸಾಕು ಅಂದಿದ್ರಿ.”

ಗಾಡಿಯವರಲ್ಲಿ ಯಾರೋ ಕಿಸಕ್ಕನೆ ನಕ್ಕರು. ಸಿದ್ದಪ್ಪ ಶಂಕರಮ್ಮನ ಕಡೆ ತಿರುಗಿದ.

“ನಿಂಗೇನೂ ಅನ್ಸಲ್ವೇನಮ್ಮ ಶಂಕರಮ್ಮ? ಇಂಥಾ ನೀರು...”

“ಸಸಿಗೆ ಹೊತ್ತಾಯ್ತು, ದಾರಿ ಬಿಡಿ” ಎಂದು ಅವಳು ಹಿತ್ತಾಳೆ ಕೊಡ ಎತ್ತಿಕೊಂಡು ಇಳಿದಳು. ಬಗ್ಗಿದಳು. ಕೊಡವನ್ನು ನೀರಿಗೆ ಅದ್ದಿದಳು. ಕೊಡ ತುಂಬಿತು. ಎತ್ತಿಕೊಂಡು ಮೇಲೆ ಬಂದಳು. ಸಿದ್ದಪ್ಪ ದಾರಿ ಬಿಟ್ಟ. ಗಾಡಿಗಳು ಹಿಂದಕ್ಕೆ ಹೊರಟವು.

ತಿಮ್ಮರಾಯ ಮಾತ್ರ ಅವಳ ಕೊಡವನ್ನೇ ನೋಡುತ್ತಿದ್ದ.

“ಅತ್ತಿಗೆ” ಎಂದ ಮೆಲ್ಲಗೆ. “ಕೊಡ ತುಂಬುವಾಗ ಗುಳುಗುಳು ಅನ್ಬೇಕಲ್ವಾ?”

ಮಲ್ಲಿಕಾಂಬ ಇನ್ನೊಮ್ಮೆ ನೀರಿನ ಕಡೆ ನೋಡಿ ಸೆರಗು ಹಿಂಡಿಕೊಂಡಳಂತೆ.

ಆ ಸಸಿಗಳು ಈಗ ಮರವಾಗಿ ಕಾಯಿ ಬಿಡುತ್ತಿವೆ. ಆಮೇಲೆ ಆ ಬಾವಿ ಯಾರನ್ನೂ ಕರೆದದ್ದಿಲ್ಲ. ನಾನು ಸುಲಭಕ್ಕೆ ನಂಬುವವನಲ್ಲ. ಹಾಗಾಗಿ ಒಂದು ಸಲ ಹಾಡುಹಗಲಲ್ಲಿ ಹೋದೆ. ಎರಡೂ ಕೈ ಬೇಕಾಗುವಷ್ಟು ದೊಡ್ಡ ಕಲ್ಲು ಎತ್ತಿ, ದಂಡೆಯ ಮೇಲಿಂದ ನಡುನೀರಿಗೆ ಹಾಕಿದೆ. ನೀರು ಆಳೆತ್ತರ ಹಾರಿತು. ನನ್ನ ಮುಖಕ್ಕೂ ಸಿಡಿಯಿತು. ಸುತ್ತು ಸುತ್ತಾಗಿ ಅಲೆ ಎದ್ದು ಮೆಟ್ಟಿಲಿಗೆ ಬಡಿಯಿತು.

ಸದ್ದು ಬರಲಿಲ್ಲ.

ಬೇಕಾದರೆ ಬೆಳಿಗ್ಗೆ ನನ್ನ ಜೊತೆ ಬನ್ನಿ. ಕಲ್ಲು ನೀವೇ ಹಾಕಿ.