ಹಡಗಿನ ಬಟ್ಟೆ ಸುತ್ತಿದ ಬಾಯ್ಲರ್ ಪೈಪು

ನನ್ನ ಹೆಸರು ಹಫೀಜಾ, ಗಂಡ ಖಲೀಮುಲ್ಲಾ, ವಯಸ್ಸು 56 ವರ್ಷ, ಮನೆಗೆಲಸ, ವಾಸ ಶಿಡ್ಲಘಟ್ಟ ಟೌನ್. ರೇಷ್ಮೆ ಫಿಲೇಚರ್ ಮಾಲೀಕರಾದ ಭಾನುಪ್ರಕಾಶ್ ರವರು ನನ್ನ ಮೇಲೆ ದೂರು ಕೊಟ್ಟಿರುವುದರಿಂದ ಈ ದಿನ ಠಾಣೆಗೆ ಬಂದು ತಿಳಿಸುವುದೇನೆಂದರೆ,

ನನ್ನ ಗಂಡ ನೌಕಾಪಡೆಯ ಹಳೇ ಹಡಗುಗಳಲ್ಲಿ ಬಾಯ್ಲರ್ ಕೋಣೆಯ ಕೆಲಸ ಮಾಡಿ ನಿವೃತ್ತರಾದವರು. ಬೀಡಿ ಮುಟ್ಟಿದವರಲ್ಲ. ಎರಡು ವರ್ಷದಿಂದ ಆಕ್ಸಿಜನ್ ಮೇಲೆ ಇದ್ದಾರೆ. ಹಬೆ ಪೈಪುಗಳಿಗೆ ಸುತ್ತಿದ್ದ ಆಸ್ಬೆಸ್ಟಾಸ್ ಬಟ್ಟೆಯ ಧೂಳು ಕೂತು ಶ್ವಾಸಕೋಶ ಗಟ್ಟಿಯಾಗಿದೆ, ಇನ್ನು ವಾಸಿಯಾಗುವುದಿಲ್ಲ ಎಂದು ಬೆಂಗಳೂರಿನ ಡಾಕ್ಟರು ಹೇಳಿರುತ್ತಾರೆ. ಆಗ ತಮಗೆ ಏನೂ ಗೊತ್ತಿರಲಿಲ್ಲ, ಬಟ್ಟೆ ಬಿಚ್ಚುವಾಗ ಉದುರಿದ ಪುಡಿಯನ್ನು ಒಬ್ಬರ ಮೇಲೊಬ್ಬರು ಎರಚಿ ಆಡಿದ್ದೂ ಉಂಟು ಎಂದು ನನ್ನ ಗಂಡ ಹೇಳುತ್ತಾರೆ.

ನನ್ನ ಮಗಳು ಮಿಸ್ಬಾ ಸದರಿ ಫಿಲೇಚರ್‌ನಲ್ಲಿ ನೂಲು ತೆಗೆಯುತ್ತಾಳೆ. ನಿನ್ನೆ ಸಂಜೆ 6 ಗಂಟೆಗೆ ಮನೆಗೆ ಬಂದವಳು, ಬಿಸಿ ಪಾತ್ರೆ ಇಳಿಸಲು ಒಳ್ಳೆಯ ಮಸಿಬಟ್ಟೆಯಾಗುತ್ತದೆಂದು ಬೂದು ಬಣ್ಣದ ದಪ್ಪ ಬಟ್ಟೆಯ ತುಂಡು ತಂದಳು. ಅಲ್ಲಿನ ಹೆಂಗಸರೆಲ್ಲ ಒಂದೊಂದು ಕತ್ತರಿಸಿಕೊಂಡರಂತೆ. ಅದನ್ನು ನೋಡಿದ್ದೇ ನನ್ನ ಗಂಡ ಮಂಚದಿಂದ ಎದ್ದು, ಒದರಬೇಡ, ನೀರು ಸುರಿ ಎಂದು ಕೂಗಿದರು. ಅಷ್ಟಕ್ಕೇ ಉಸಿರು ಸಿಗದೆ ಕುಸಿದರು. ಮಲಗಿಸಿ ಸುಧಾರಿಸಿಕೊಂಡ ಮೇಲೆ, ಇದು ಅದೇ ಹಡಗಿನ ಆಸ್ಬೆಸ್ಟಾಸ್ ಬಟ್ಟೆ ಎಂದು ಹೇಳಿದರು.

ಈ ದಿನ ಬೆಳಿಗ್ಗೆ 9-30ಕ್ಕೆ ನಾನು ಫಿಲೇಚರ್‌ಗೆ ಹೋಗಿ ನೋಡಲಾಗಿ, ಬಾಯ್ಲರ್ ಪೈಪಿನ ಉದ್ದಕ್ಕೂ ಅದೇ ಬಟ್ಟೆ ಸುತ್ತಿದ್ದು, ಹರಿದ ಕಡೆ ಪುಡಿ ಉದುರುತ್ತಿತ್ತು. ನನ್ನ ಗಂಡನ ಕಾಯಿಲೆಯ ವಿಷಯ ಹೇಳಿ ಕೇಳಿದ್ದಕ್ಕೆ ಭಾನುಪ್ರಕಾಶ್ ರವರು, ಒಡೆದ ಹಡಗಿನ ಮಾಲು ಕಣಮ್ಮ, ಗುಜರೀಲಿ ಸಿಕ್ತು, ಪೈಪಿನ ಬಿಸಿ ಆರಲ್ಲ, ಸೌದೆ ಉಳಿಯತ್ತೆ, ನಿಮ್ಮ ಯಜಮಾನ್ರಿಗೆ ವಯಸ್ಸಾಯ್ತು ಅಷ್ಟೇ ಎಂದು ನಕ್ಕರು. ನನಗೆ ಮೈ ಉರಿಯಿತು. ಬೆಂಕಿ ಆರಿಸಿ ಎಂದೆ, ಆರಿಸಲಿಲ್ಲ. ಹೆಂಗಸರನ್ನು ಹೊರಗೆ ಕಳಿಸಿ, ಒಲೆಯ ಸೌದೆ ಎಳೆದು, ಪುಡಿ ಹಾರದಂತೆ ಪೈಪಿನ ಮೇಲೆ ಬಿಂದಿಗೆಯಲ್ಲಿ ನೀರು ಸುರಿದೆ. ಬೇಯಲು ಹಾಕಿದ್ದ ರೇಷ್ಮೆ ಗೂಡು ಹಾಳಾಗಿದ್ದು ನಿಜ. ಮಾಡಿದ್ದು ನಾನೇ, ತಪ್ಪೆಂದು ಒಪ್ಪುವುದಿಲ್ಲ. ಗೂಡು ನಾಳೆಯೂ ಮಾರ್ಕೆಟ್ಟಿಗೆ ಬರುತ್ತದೆ. ನನ್ನ ಮಗಳ ಎದೆಯೊಳಗೆ ಹೋಗಿರುವುದನ್ನು ಯಾರು ತೆಗೆಯುತ್ತಾರೆಂದು ಮಾಲೀಕರನ್ನು ಕೇಳಿ ಬರೆದುಕೊಳ್ಳಬೇಕು.

ಫಿಲೇಚರ್ ಮೂಲೆಯಲ್ಲಿ ಒಣಗಿದ್ದ ಒಂದು ತುಂಡನ್ನು ಪೊಲೀಸಿನವರು ಸಾಕ್ಷಿಗೆಂದು ತಂದು ಠಾಣೆಯ ಈ ಮೇಜಿನ ಮೇಲೆ, ಫ್ಯಾನಿನ ಕೆಳಗೆ ಇಟ್ಟಿದ್ದಾರೆ. ಹೇಳಿಕೆ ಬರೆಯುತ್ತಿರುವ ಪೊಲೀಸ್ ಚೈತನ್ಯ ರವರು ಕಾಗದದ ಮೇಲೆ ಬಿದ್ದ ಪುಡಿಯನ್ನು ಎರಡು ಸಲ ಬಾಯಿಂದ ಊದಿದರು. ಅವರಿಗೆ ನನ್ನ ಮಗಳಷ್ಟೇ ವಯಸ್ಸು. ಫ್ಯಾನ್ ನಿಲ್ಲಿಸಿ, ಆ ತುಂಡನ್ನು ಒದ್ದೆ ಮಾಡಿ ಚೀಲದಲ್ಲಿ ಕಟ್ಟುವ ತನಕ ಸಹಿ ಹಾಕುವುದಿಲ್ಲ ಎಂದು ನಾನು ಹೇಳಿದ್ದನ್ನೂ ಇದರಲ್ಲಿ ಬರೆಸಿರುತ್ತೇನೆ.

ಓದಿಸಿ ಕೇಳಿದೆ, ನಾನು ಹೇಳಿದಂತೆಯೇ ಇದೆ, ಎಲ್ಲವೂ ಸತ್ಯ. ಚೀಲ ಕಟ್ಟಿದ ಮೇಲೆ ಸಹಿ ಮಾಡಿದ್ದೇನೆ.

ಸ್ಥಳ: ಶಿಡ್ಲಘಟ್ಟ
ದಿನಾಂಕ: 14-02-2025
ಸಹಿ/- ಹಫೀಜಾ