ಬಿರುಕು ಬಿಟ್ಟ ಸೇತುವೆಯ ಲೆಕ್ಕ

ಕಣ್ಣಾಸ್ಪತ್ರೆಯ ಬೆಂಚಿನಲ್ಲಿ ಸರದಿಗೆ ಕಾಯುತ್ತಿದ್ದ ಬಸ್ ಚಾಲಕನಿಗೆ ಪಕ್ಕದವರ ಮಾತು ಬೇಡವೆಂದರೂ ಕಿವಿಗೆ ಬೀಳುತ್ತಿತ್ತು. ಔಷಧಿ ಹಾಕಿಸಿಕೊಂಡು ಕಣ್ಣು ಮುಚ್ಚಿ ಕೂತಿದ್ದವರು ನಿವೃತ್ತ ಎಂಜಿನಿಯರು. ಮಡಿಲಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡಿದ್ದವಳು ಅವರ ಸೊಸೆ, ಅವಳದೂ ಅದೇ ಕಸುಬು.

“ಮೂರು ದಿನದಿಂದ ತಲೆ ಕೆಟ್ಟುಹೋಗಿದೆ ಮಾವ. ಬಿರುಕು ಬಿಟ್ಟ ಸೇತುವೆ ಬಲ ಕಮ್ಮಿಯಾಗಿ ನಿಧಾನವಾಗಿ ನಡುಗಬೇಕು ತಾನೇ? ಕಂಪ್ಯೂಟರಲ್ಲಿ ಹೊಸದಕ್ಕಿಂತ ಬೇಗ ನಡುಗ್ತಿದೆ.”

“ಹಾಗಾದ್ರೆ ಗಟ್ಟಿ ಅಂತಾಯ್ತು.”

“ಸಾಹೇಬ್ರು ಪ್ರಾಣ ತಿಂತಿದ್ರು. ಹಾಗಂತಲೇ ಬೆಳಿಗ್ಗೆ ವರದಿ ಕಳಿಸಿಬಿಟ್ಟೆ. ಮನಸ್ಸು ಒಪ್ತಿಲ್ಲ.”

“ಬಿರುಕನ್ನ ಹೇಗೆ ತೋರಿಸಿದೀಯ?”

“ಬಿರುಕು ಬಿಟ್ಟಷ್ಟು ಭಾಗ ಅಳಿಸಿದೆ.”

“ಅದರ ತೂಕ?”

“ಅದೂ ಹೋಯ್ತು.”

“ಬಿರುಕು ಬಿಟ್ಟ ಕಾಂಕ್ರೀಟು ಎದ್ದು ಮನೆಗೆ ಹೋಗುತ್ತೇನಮ್ಮಾ? ಅಲ್ಲೇ ಇರುತ್ತೆ. ತೂಕ ತೆಗೆದ್ರೆ ಹಗುರಾಗಿ ಬೇಗ ನಡುಗದೆ ಇನ್ನೇನು? ನನ್ನ ಮಂಡಿ ನೋಡು, ಬಲ ಹೋಗಿದೆ, ಭಾರ ಹೋಗಿದೆಯಾ?”

ಸೊಸೆ ನಗಲಿಲ್ಲ. ತೂಕವನ್ನು ವಾಪಸು ಹಾಕಿ, ಬಲವನ್ನಷ್ಟೇ ಇಳಿಸಿ, ಮತ್ತೆ ಲೆಕ್ಕಕ್ಕೆ ಬಿಟ್ಟಳು. ಸ್ವಲ್ಪ ಹೊತ್ತಿಗೆ ಹಣೆ ಹಿಡಿದುಕೊಂಡಳು.

“ನಡುಗೋ ವೇಗ ಇಳೀತಾ?”

“ತುಂಬಾ ಇಳೀತು ಮಾವ. ನಾಳೆ ಅದರ ಮೇಲೆ ಬಸ್ಸು ಬಿಡ್ತಾರೆ.”

ಚಾಲಕ ಓದುತ್ತಿದ್ದ ಪತ್ರಿಕೆಯನ್ನು ಮೆಲ್ಲಗೆ ಮಡಚಿದ.

“ಫೋನ್ ಮಾಡು.”

“ಸರ್, ಸೇತುವೆ ತೆರೀಬೇಡಿ. ವರದಿ ತಪ್ಪಾಗಿದೆ. ಹೌದು ಸರ್, ನಂದೇ ತಪ್ಪು.” ಆಮೇಲೆ ತುಂಬ ಹೊತ್ತು ಅವಳು ಬರೀ ಕೇಳಿಸಿಕೊಂಡಳು.

ನರ್ಸ್ ಒಳಗೆ ಕರೆದಳು. ಸೊಸೆ ಲ್ಯಾಪ್‌ಟಾಪ್ ಮುಚ್ಚಿ, ಮಾವನ ಕೈ ಹಿಡಿದು ಎಬ್ಬಿಸಿದಳು.

“ಬೈದ್ರಾ?”

“ಬೈದ್ರು ಮಾವ.”

“ಬೈಲಿ ಬಿಡು. ನಡಿ, ಮೆಟ್ಟಿಲಿದ್ರೆ ಹೇಳು.”